ಈ ಸಲ ಕಪ್ ನಮ್ದೇ ಅಂತ ಇಲ್ಲಿ ಹೇಳುವ ಹಾಗಿಲ್ಲ

ಹೋದ ವಾರ ಬೇಲಿಯಾಚೆ ಕಸದ ಡಬ್ಬಿ ಎಳೆಯುತ್ತಿದ್ದ ಪಕ್ಕದ ಮನೆಯವರಿಗೆ ಖುಷಿಯಲ್ಲಿ ಹೇಳಿಬಿಟ್ಟೆ, ಈ ವರ್ಷ ಕಪ್ ನಮ್ಮದೇ ಅಂತ. ಅವರು ಡಬ್ಬಿ ಬಿಟ್ಟರು. ಸುತ್ತ ನೋಡಿದರು. ಬೇಲಿಯ ಮರದ ಹಲಗೆಯನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ಏನೋ ಗೊಣಗುತ್ತಾ ಒಳಗೆ ಹೋದರು. ನಾನು ಯಾರದೋ ಸಾವಿನ ಮನೆಯಲ್ಲಿ ಹೋಳಿಗೆ ಕೇಳಿದವನ ಹಾಗೆ ನಿಂತಿದ್ದೆ.

ಅವರಿಗೆ 68 ದಾಟಿದೆ. ಈ ಬೀದಿಯಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಾರೆ, ನನ್ನ ಮಗಳೂ ಸೇರಿ. ಮೆಲ್ಬರ್ನಿಗೆ ಬಂದು 13 ವರ್ಷವಾದರೂ ನನಗೆ ನಾಲಿಗೆ ಏಳುವುದಿಲ್ಲ. ಏನೂ ಕರೆಯದೆ, ಎದುರಿಗೆ ಹೋಗಿ ನಿಂತು ಮಾತು ಶುರು ಮಾಡುತ್ತೇನೆ. ಮನೆಯೊಳಗೆ ಮಾತ್ರ ಅವರು ನಮಗೆ 'ಸೇಂಟ್ಸ್ ತಾತ'.

ಸೇಂಟ್ಸ್ ಅಂದರೆ ಸೇಂಟ್ ಕಿಲ್ಡಾ, ನಮ್ಮ ಫುಟಿ ತಂಡ. ಫುಟಿ ಅಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ಗೊತ್ತಿಲ್ಲದವರಿಗೆ ನಾಲ್ಕೇ ಮಾತು: ಮೊಟ್ಟೆಯಾಕಾರದ ಚೆಂಡು, ಕ್ರಿಕೆಟ್ ಮೈದಾನದಷ್ಟು ಜಾಗ, ಒಂದೊಂದು ತಂಡಕ್ಕೆ 18 ಜನ, ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬದ ಮಧ್ಯೆ ಒದ್ದರೆ 6 ಪಾಯಿಂಟ್. ಸ್ವಲ್ಪ ತಪ್ಪಿ ಪಕ್ಕದ ಸಂದಿಯಲ್ಲಿ ಹೋದರೆ 1. ಮೊದಲ ದಿನ ನೋಡಿದಾಗ ನನಗೆ ಮೆಜೆಸ್ಟಿಕ್ಕಿನಲ್ಲಿ ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆಯುವ ಗಲಾಟೆಯೇ ನೆನಪಾಗಿತ್ತು.

ಈ ತಂಡವನ್ನು ನಾನೇನು ಯೋಚಿಸಿ ಆರಿಸಿಕೊಂಡದ್ದಲ್ಲ. ಮೊದಲು ಬಾಡಿಗೆಗೆ ಸಿಕ್ಕ ಮನೆ ಮೂರಾಬಿನ್ ಹತ್ತಿರ. ಅವರ ಹಳೆಯ ತವರು ಮೈದಾನ ಅಲ್ಲೇ. ಬಣ್ಣ ಕೆಂಪು, ಬಿಳಿ, ಕಪ್ಪು. ಬೆಂಗಳೂರಿನಿಂದ ತಂದಿದ್ದ ಆರ್‌ಸಿಬಿ ಟೀಶರ್ಟಿಗೆ ಹೊಂದುತ್ತಿತ್ತು, ಇನ್ನೇನು ಬೇಕು? ಆಮೇಲೆ ತಿಳಿದದ್ದು ಇನ್ನೂ ಮಜಾ. ಮೊದಲ ಮಹಾಯುದ್ಧದಲ್ಲಿ ಈ ಮೂರು ಬಣ್ಣ ಜರ್ಮನಿಯ ಬಾವುಟದ್ದೂ ಆಗಿದ್ದರಿಂದ, 1915ರಲ್ಲಿ ಕ್ಲಬ್ಬಿನವರು ಬಿಳಿ ತೆಗೆದು ಹಳದಿ ಸೇರಿಸಿದರಂತೆ. ಅದು ಮಿತ್ರದೇಶ ಬೆಲ್ಜಿಯಂನ ಬಾವುಟದ ಬಣ್ಣ. ಅವರ ಲೆಕ್ಕ ಬೆಲ್ಜಿಯಂ ಇರಬಹುದು, ನನಗೆ ಕಂಡದ್ದು ಅರಿಶಿನ ಕುಂಕುಮ.

ಬಣ್ಣ ನೋಡಿ ಹೆಣ್ಣು ಕೊಟ್ಟ ಮೇಲೆ ಜಾತಕ ನೋಡಿದ ಹಾಗಾಯಿತು ನನ್ನ ಕಥೆ. 1873ರಲ್ಲಿ ಹುಟ್ಟಿದ ಕ್ಲಬ್ಬು. 1897ರಲ್ಲಿ ಲೀಗ್ ಶುರುವಾದಾಗ ಮೊದಲ 48 ಪಂದ್ಯಗಳನ್ನು ಸತತವಾಗಿ ಸೋತಿತು. ಕಡೇ ಸ್ಥಾನಕ್ಕೆ ಬಂದವರಿಗೆ ಇಲ್ಲಿ ಮರದ ಸೌಟು ಸಿಕ್ಕಿತು ಅನ್ನುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಅಂಥ 27 ಸೌಟುಗಳಿವೆ. ಬೇರೆ ಯಾರ ಬಳಿಯೂ ಇಷ್ಟಿಲ್ಲ. ಕಪ್ ಒಂದೇ ಒಂದು, 1966ರದ್ದು.

ಆ ಒಂದನ್ನಾದರೂ ನೆಟ್ಟಗೆ ಗೆದ್ದರಾ? ಕಾಲಿಂಗ್‌ವುಡ್ ತಂಡದ ಎದುರು ಎಂಸಿಜಿಯಲ್ಲಿ, ಅಂದರೆ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ, ಫೈನಲ್. ಲಕ್ಷಕ್ಕೂ ಮೇಲೆ ಜನ. ಕೊನೆಯ ನಿಮಿಷ, ಸ್ಕೋರ್ ಸಮ. ಬ್ಯಾರಿ ಬ್ರೀನ್ ಅನ್ನುವ ಹುಡುಗ ಒದ್ದ ಚೆಂಡು ನೆಟ್ಟಗೆ ಹೋಗದೆ ಕುಣಿಯುತ್ತಾ ಪಕ್ಕದ ಸಂದಿಯಲ್ಲಿ ನುಸುಳಿತು. 1 ಪಾಯಿಂಟ್. 74-73. ಅಂದರೆ ಗುರಿ ತಪ್ಪಿದ್ದಕ್ಕೆ ಸಿಕ್ಕ ಕಪ್! ಸೇಂಟ್ಸ್ ತಾತನಿಗೆ ಆಗ ಒಂಬತ್ತು ವರ್ಷ. ಅಪ್ಪನ ಜೊತೆ ಹೋಗಿದ್ದರು. ಮುಂದಿದ್ದವರ ಬೆನ್ನು ಅಡ್ಡ ಬಂದು ಆ ಚೆಂಡು ಹೋದದ್ದು ಮಾತ್ರ ಕಾಣಲಿಲ್ಲವಂತೆ. 'ಅಪ್ಪ ಅಳುತ್ತಿದ್ದರು, ಹಾಗಾಗಿ ಸೋತೆವು ಅಂದುಕೊಂಡೆ' ಅನ್ನುತ್ತಾರೆ.

ಆಮೇಲೆ 2009ರಲ್ಲಿ ಫೈನಲ್ ಸೋತರು. 2010ರಲ್ಲಿ ಮತ್ತೆ ಕಾಲಿಂಗ್‌ವುಡ್, 68-68. ಆಗಿನ ನಿಯಮದಂತೆ ಮುಂದಿನ ಶನಿವಾರ ಮತ್ತೊಂದು ಫೈನಲ್ ಆಡಿಸಿದರು. 56 ಪಾಯಿಂಟಿನಿಂದ ಸೋತರು. ಆ ಎರಡು ಶನಿವಾರಗಳ ನಡುವಿನ ವಾರದ ಬಗ್ಗೆ ತಾತ ಇವತ್ತಿಗೂ ಮಾತಾಡುವುದಿಲ್ಲ.

ಈಗ ನನ್ನ ತಕರಾರು. ಮಗುವಿನ ಕೆನ್ನೆಗೆ ಕಾಡಿಗೆ ಬೊಟ್ಟು ಇಡುವವರು ನಾವು. ಹೊಸ ಮನೆಗೆ ಬೂದುಗುಂಬಳಕಾಯಿ ಕಟ್ಟುವವರು ನಾವು. ಸೈಟು ತಗೊಂಡರೆ ರಿಜಿಸ್ಟ್ರೇಷನ್ ಆಗುವ ತನಕ ಅಣ್ಣತಮ್ಮಂದಿರಿಗೂ ಹೇಳುವುದಿಲ್ಲ. ಅಂಥ ನಾವು ಆರ್‌ಸಿಬಿ ವಿಷಯದಲ್ಲಿ ಮಾತ್ರ ದೃಷ್ಟಿ ಗಿಷ್ಟಿ ಎಲ್ಲ ಮರೆತು, ಟೂರ್ನಿ ಶುರುವಾಗುವ ಮುಂಚೆಯೇ ಆಟೋ ಹಿಂದೆ ಬರೆಸಿಬಿಡುತ್ತೇವೆ. ದೃಷ್ಟಿಯ ಮಾತನ್ನೇ ಆಡದ ಈ ಜನ, ತಂಡದ ವಿಷಯ ಬಂದರೆ ಪಿಸುಗುಟ್ಟುತ್ತಾರೆ, ಕೆಟ್ಟದ್ದು ತಾಗದಿರಲಿ ಅಂತ ಮರ ತಟ್ಟುತ್ತಾರೆ. ಗೆದ್ದ ಪಂದ್ಯದಂದು ಹಾಕಿದ್ದ ಕಾಲುಚೀಲ ಮುಂದಿನ ಪಂದ್ಯದ ತನಕ ಒಗೆಯದ ಸಹೋದ್ಯೋಗಿ ಒಬ್ಬ ನನಗಿದ್ದಾನೆ. ಅವನ ಪಕ್ಕ ಕೂತು ಕೆಲಸ ಮಾಡುವವನ ಕಷ್ಟ ಬೇರೆ.

ಯಾವುದು ಸರಿ ಅಂದರೆ ನಾನು ನಮ್ಮ ಕಡೆಯೇ. 2008ರ ಏಪ್ರಿಲ್ 18ರಂದು ಚಿನ್ನಸ್ವಾಮಿಯಲ್ಲಿ ನಾನಿದ್ದೆ. ಐಪಿಎಲ್‌ನ ಮೊಟ್ಟಮೊದಲ ಪಂದ್ಯ. ಮೆಕಲಮ್ ಒಬ್ಬನೇ 158 ಹೊಡೆದ, ನಮ್ಮವರೆಲ್ಲ ಸೇರಿ 82. ಅವತ್ತು ಹೊರಗೆ ಬರುವಾಗಲೂ ಜನ ನಗುತ್ತಾ, ಬೈಯುತ್ತಾ, ಮುಂದಿನ ಪಂದ್ಯದ ಮಾತಾಡುತ್ತಾ ಇದ್ದರು. ಆಮೇಲಿನ ವರ್ಷಗಳಲ್ಲಿ ಆ ಘೋಷಣೆ ಹುಟ್ಟಿತು. ಬೇರೆ ಊರಿನವರು ಅದನ್ನೇ ಹಿಡಿದು ನಮ್ಮನ್ನು ಎಷ್ಟು ಗೇಲಿ ಮಾಡಿದರು! ನಾವೂ ಮಾಡಿಕೊಂಡೆವು. ಆದರೂ ಹೇಳುವುದನ್ನು ಬಿಡಲಿಲ್ಲ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ 6 ರನ್ನಿನಿಂದ ಗೆದ್ದಾಗ ಇಲ್ಲಿ ಬೆಳಗಿನ ಜಾವ. ಹೀಟರ್ ಹಾಕಿಕೊಂಡು ಕಂಬಳಿಯೊಳಗೆ ಕೂತು ಅತ್ತೆ. 18 ವರ್ಷ ಬಾಯಿಬಿಟ್ಟು ಕೇಳಿದ್ದು ಸಿಕ್ಕಿತ್ತು.

ಮಾರನೆಯ ದಿನ ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಸುದ್ದಿ ಕೇಳಿ ತಾತ ಬಾಗಿಲು ತಟ್ಟಿ, ನಿಮ್ಮವರೆಲ್ಲ ಕ್ಷೇಮವಾ ಅಂತ ಕೇಳಿಕೊಂಡು ಹೋದರು. ಕಪ್ಪಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

ಅಂದಿನಿಂದ ಇಲ್ಲಿಯ ಒಂದು ಪದ್ಧತಿ ನನಗೆ ಬೇರೆ ತರಹ ಕಾಣತೊಡಗಿದೆ. ಇಲ್ಲಿ ದೊಡ್ಡ ಮೆರವಣಿಗೆ ಫೈನಲ್ಲಿನ ಹಿಂದಿನ ದಿನ. ಎರಡೂ ತಂಡದವರನ್ನು ಕೂರಿಸಿಕೊಂಡು ಹೋಗುತ್ತಾರೆ, ಸೋಲಲಿರುವವರನ್ನೂ. ಆ ಶುಕ್ರವಾರ ವಿಕ್ಟೋರಿಯಾ ರಾಜ್ಯಕ್ಕೆಲ್ಲ ಸರ್ಕಾರಿ ರಜೆ. ತಿಂಗಳುಗಟ್ಟಲೆ ಮುಂಚೆ ಗೊತ್ತಿರುವ ದಿನ, ಗೊತ್ತಿರುವ ದಾರಿ. ಮೊದಲು ಇದು ನನಗೆ ಸಪ್ಪೆ ಅನಿಸುತ್ತಿತ್ತು. ಗೆಲ್ಲದೆ ಎಂಥ ಮೆರವಣಿಗೆ ಅಂತ. ಈಗ ಹಾಗನ್ನಿಸುವುದಿಲ್ಲ.

ಇನ್ನೊಂದು ಹೊಟ್ಟೆಕಿಚ್ಚೂ ಇದೆ. ಇಲ್ಲಿ ವರ್ಷ ವರ್ಷ ದುಡ್ಡು ಕಟ್ಟಿ ಕ್ಲಬ್ಬಿನ ಮೆಂಬರ್ ಆಗುತ್ತೇವೆ, ಹಾಲಿನ ಡೇರಿ ಸೊಸೈಟಿ ಮೆಂಬರ್ ಇದ್ದ ಹಾಗೆ. ಆಡಳಿತ ಮಂಡಳಿಗೆ ವೋಟು ಹಾಕುವ ಹಕ್ಕು ಬರುತ್ತದೆ. ಕಳೆದ ವರ್ಷದ ಕೊನೆಗೆ ಆರ್‌ಸಿಬಿ ಮಾರಾಟಕ್ಕಿದೆ ಎಂಬ ಸುದ್ದಿ ಬಂದಾಗ, 18 ವರ್ಷ ಗಂಟಲು ಹರಿದುಕೊಂಡ ನಮ್ಮನ್ನು ಯಾರಾದರೂ ಒಂದು ಮಾತು ಕೇಳಿದರಾ? ತಂಡ ನಮ್ಮದು ಅಂತ ನಾವು ಹೇಳುವುದೆಲ್ಲ ಬಾಯಿಮಾತು. ಇವರು ಬಾಯಲ್ಲಿ ಹೇಳುವುದಿಲ್ಲ, ಕಾಗದದಲ್ಲಿ ಇದೆ.

ಸರಿ, ಈ ವರ್ಷದ ಆಸೆಗೆ ಬರುತ್ತೇನೆ. ಅದು ಮೊಳೆತದ್ದು ಕಳೆದ ಜುಲೈ ಕೊನೆಯ ಭಾನುವಾರ. ಮೆಲ್ಬರ್ನ್ ತಂಡದ ಎದುರು ಮಾರ್ವೆಲ್ ಸ್ಟೇಡಿಯಂನಲ್ಲಿ ಪಂದ್ಯ. ಮೂರು ಕ್ವಾರ್ಟರ್ ಮುಗಿದಾಗ ನಾವು 46 ಪಾಯಿಂಟ್ ಹಿಂದೆ. ಬೆಳಗ್ಗೆ ಮಗಳಿಗೆ ಸ್ಕೂಲು, ಟ್ರೈನು ತಪ್ಪಿದರೆ ಮತ್ತೆ ಕಾಯಬೇಕು ಅಂತ ಅವಳನ್ನು ಎಬ್ಬಿಸಿದೆ. ಅವಳು ಬರಲ್ಲ ಅಂದಳು. ಎಳೆದುಕೊಂಡು ಬಂದೆ. ತಾತ ಕೂತೇ ಇದ್ದರು. ಸದರ್ನ್ ಕ್ರಾಸ್ ಸ್ಟೇಷನ್ ಅಲ್ಲೇ ಪಕ್ಕ. ಪ್ಲಾಟ್‌ಫಾರ್ಮಿನಲ್ಲಿ ನಿಂತು ಫೋನು ನೋಡುತ್ತೇನೆ, ಒಂದು ಗೋಲು, ಇನ್ನೊಂದು, ಮತ್ತೊಂದು. ಕೊನೆಗೆ ಸ್ಕೋರ್ ಸಮ, ಉಳಿದಿರುವುದು ಕೆಲವೇ ಸೆಕೆಂಡು. ಗೋಲಾದ ಮೇಲೆ ಆಟ ಮತ್ತೆ ಶುರುವಾಗುವಾಗ ಮೈದಾನದ ಮೂರೂ ಭಾಗದಲ್ಲಿ ಆರಾರು ಜನ ನಿಲ್ಲಬೇಕು. ಎದುರಾಳಿಗಳು ಗಾಬರಿಯಲ್ಲಿ ಆ ಲೆಕ್ಕ ತಪ್ಪಿದರು. ನಮಗೆ ಫ್ರೀ ಕಿಕ್. ಅಲ್ಲಿಂದ ಬಂದ ಚೆಂಡನ್ನು ನಸಾಯಾ ವಾಂಗನೀನ್-ಮಿಲೇರಾ ಹಿಡಿದ. ಆಟ ಮುಗಿಯುವ ಸೈರನ್ ಕೂಗಿದ ಮೇಲೆ ಒದ್ದ. ಗೋಲು! 6 ಪಾಯಿಂಟಿನಿಂದ ಗೆದ್ದೆವು. ಕೊನೆಯ ಕ್ವಾರ್ಟರಿನಲ್ಲಿ ಅಷ್ಟು ಹಿಂದಿನಿಂದ ಬಂದು ಗೆದ್ದದ್ದು ಈ ಲೀಗಿನ ಚರಿತ್ರೆಯಲ್ಲೇ ಮೊದಲು. ನಾನು ಅದನ್ನು ನೋಡಿದ್ದು ನಾಲ್ಕಿಂಚಿನ ಪರದೆಯಲ್ಲಿ, ನನ್ನ ಜೊತೆ ಮಾತು ಬಿಟ್ಟಿದ್ದ ಮಗಳ ಪಕ್ಕ ನಿಂತು.

ವಾಂಗನೀನ್-ಮಿಲೇರಾನನ್ನು ಬೇರೆ ಕ್ಲಬ್ಬಿನವರು ಎಳೆಯಲು ನೋಡಿದರೂ ಅವನು ಇಲ್ಲೇ ಉಳಿದ. ಅದೇ ದೊಡ್ಡ ಸಮಾಧಾನ. ಕಾರ್ಲ್ಟನ್ ಕ್ಲಬ್ಬಿನಿಂದ ಟಾಮ್ ಡಿ ಕೋನಿಂಗ್ ಬಂದಿದ್ದಾನೆ, ತೆಂಗಿನ ಮರದಂಥ ಆಳು. ಜ್ಯಾಕ್ ಸಿಲ್ವಾನಿಯೂ ಅಲ್ಲಿಂದಲೇ ಬಂದ. ಅವನ ಅಜ್ಜ, ಅಪ್ಪ ಎಲ್ಲ ಕಾರ್ಲ್ಟನ್‌ಗೇ ಆಡಿದವರು. ಮೂರು ತಲೆಮಾರಿನ ಮನೆ ಬಿಟ್ಟು ಬಂದವನು, ಸುಮ್ನೆ ಬಂದಿರಲಾರ. ಜೊತೆಗೆ ಸ್ಯಾಮ್ ಫ್ಲ್ಯಾಂಡರ್ಸ್, ಲಿಯಮ್ ರಯಾನ್. ರಯಾನ್ ಎದುರಾಳಿಯ ಬೆನ್ನೇರಿ ಚೆಂಡು ಹಿಡಿಯುವುದನ್ನು ನೋಡುವುದಕ್ಕೇ ಟಿಕೆಟ್ ದುಡ್ಡು ಕೊಡಬಹುದು. ಮ್ಯಾಕ್ಸ್ ಕಿಂಗ್ ಮೊಣಕಾಲಿನ ಕಾಟದಿಂದ ಕಳೆದ ವರ್ಷ ಒಂದು ಪಂದ್ಯವನ್ನೂ ಆಡಲಿಲ್ಲ. ಅವನ ಹೆಸರಲ್ಲಿ ನಾನು ಏನೂ ಬೇಡಿಕೊಳ್ಳುವುದಿಲ್ಲ, ಆಡಿದರೆ ಸಾಕು.

ಈ ವರ್ಷದಿಂದ ಎಂಟರ ಬದಲು ಹತ್ತು ತಂಡಗಳಿಗೆ ಲೀಗ್ ಹಂತ ದಾಟುವ ಅವಕಾಶ. ಆ ಹತ್ತರಲ್ಲಿ ಬಂದರೆ ಸಾಕು ಅನ್ನುವುದು ತಾತನ ಲೆಕ್ಕ. ಏಳರಿಂದ ಹತ್ತನೆಯವರಿಗೆ ಒಂದು ಪಂದ್ಯ ಜಾಸ್ತಿ, ಅಷ್ಟೆ. ನನಗೆ ಅದು ಸಾಲದು. ಮೊದಲ ಆರರಲ್ಲಿ ಬರಬೇಕು, ಸೆಪ್ಟೆಂಬರಿನಲ್ಲಿ ಎಂಸಿಜಿಯಲ್ಲಿ ಒಂದು ನಾಕೌಟ್ ಗೆಲ್ಲಬೇಕು. ಆಮೇಲಿನದನ್ನು ಕನ್ನಡದಲ್ಲಿ ಮಾತ್ರ ಹೇಳುತ್ತೇನೆ. ಬೇಲಿಯಾಚೆ ಅರ್ಥವಾಗುವುದಿಲ್ಲ ಅನ್ನುವ ಧೈರ್ಯ.

ಮೊದಲ ಪಂದ್ಯ ಮಾರ್ಚ್ 8ರ ಭಾನುವಾರ, ಎಂಸಿಜಿಯಲ್ಲಿ. ಎದುರಾಳಿ ಯಾರು ಅಂತೀರಿ, ಅದೇ ಕಾಲಿಂಗ್‌ವುಡ್. ಸೋಮವಾರ ಲೇಬರ್ ಡೇ ರಜೆ, ಸ್ಕೂಲಿನ ನೆಪ ನಡೆಯುವುದಿಲ್ಲ. ಮಗಳು ನನ್ನ ಮೆಂಬರ್‌ಶಿಪ್ ಕಾರ್ಡನ್ನು ತನ್ನ ಪೆನ್ಸಿಲ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದಾಳೆ. ಸೈರನ್ ಆಗುವ ತನಕ ಏಳುವುದಿಲ್ಲ ಅಂತ ತಾತನ ಎದುರು ಒಪ್ಪಿಕೊಂಡರೆ ಕೊಡುತ್ತಾಳಂತೆ.