ಸತ್ಯಾಂಶ: ಮಲೆನಾಡಿನ ‘ಹಾರುವ ಕಪ್ಪೆ’ ಮುಟ್ಟಿದರೆ ಸಾವು ಬರುವುದಿಲ್ಲ

ಮಳೆ ಹಿಡಿದರೆ ಸಾಕು, ಒಂದು ಫಾರ್ವರ್ಡ್ ಮತ್ತೆ ಓಡಾಡುತ್ತದೆ: ಪಶ್ಚಿಮಘಟ್ಟದ ಹಸಿರು ಕಪ್ಪೆಯೊಂದು ಹಕ್ಕಿಯಂತೆ ಹಾರುತ್ತದೆ, ಮುಟ್ಟಿದವರು ಉಳಿಯುವುದಿಲ್ಲ ಎಂದು. ಎರಡೂ ತಪ್ಪು.

ಇದು ಆಗುಂಬೆ, ಕೊಡಗಿನ ಕಾಡುಗಳಲ್ಲಿರುವ ಮಲಬಾರ್ ಹಾರುಕಪ್ಪೆ. ಉದ್ದ ಸುಮಾರು 10 ಸೆಂ.ಮೀ.ವರೆಗೆ. ಬೆರಳುಗಳ ನಡುವಿನ ಕೆಂಪು-ಕಿತ್ತಳೆ ಪೊರೆಯನ್ನು ಅಗಲಿಸಿ 9ರಿಂದ 12 ಮೀಟರ್ ತೇಲಿ ಇಳಿಯುತ್ತದೆ, ಅಷ್ಟೇ. ಮತ್ತೆ ಮೇಲೆ ಹೋಗಲು ಮರ ಹತ್ತಲೇಬೇಕು. ವಿಷದ ಮಾತು ಬಹುಶಃ ಆ ಕೆಂಪು ಬಣ್ಣದಿಂದ ಹುಟ್ಟಿದ್ದು. ಚರ್ಮದಲ್ಲಿ ಕಡುವಿಷವಿರುವ ಬಾಣಗಪ್ಪೆಗಳು ಮಧ್ಯ ಮತ್ತು ದಕ್ಷಿಣ ಅಮೆರಿಕದವು. ಆ ವಿಷವೂ ಅವು ತಿನ್ನುವ ಇರುವೆ, ನುಸಿಗಳಿಂದ ಬರುತ್ತದೆ.

ನೀರಿನ ಮೇಲೆ ಬಾಗಿದ ಎಲೆಗಳಲ್ಲಿ ಕಾಣುವ ಬಿಳಿ ನೊರೆಗೂ ಹೆದರಬೇಕಿಲ್ಲ. ಹೆಣ್ಣು ತಾನು ಸ್ರವಿಸಿದ ದ್ರವವನ್ನು ಹಿಂಗಾಲಿನಿಂದ ಮಜ್ಜಿಗೆ ಕಡೆದಂತೆ ಕಡೆದು ನೊರೆ ಎಬ್ಬಿಸಿ, ಅದರೊಳಗೆ ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದು ಬಂದ ಮರಿಗಳು ನೇರ ಕೆಳಗಿನ ನೀರಿಗೆ ಉದುರುತ್ತವೆ. ನೊರೆ ಕೆದಕಿದರೆ ಮೊಟ್ಟೆಗಳು ಒಣಗಿ ಸಾಯುತ್ತವೆ.

ಫೋಟೊ ಬಂದರೆ ಮೊದಲು ಕಣ್ಣು ನೋಡಿ. ಕಡುಕೆಂಪು ಕಣ್ಣು, ನೆಟ್ಟಗಿನ ಪಾಪೆ ಇದ್ದರೆ ಅದು ಮಧ್ಯ ಅಮೆರಿಕದ ಮರಗಪ್ಪೆ. ನಮ್ಮದರ ಪಾಪೆ ಅಡ್ಡಡ್ಡ. ಕಾಲಿನ ಪೊರೆ ಕಪ್ಪು-ಹಳದಿಯಾಗಿದ್ದರೆ ಆಗ್ನೇಯ ಏಷ್ಯಾದ್ದಿರಬಹುದು. ಗೂಗಲ್ ಲೆನ್ಸ್‌ಗೆ ಹಾಕಿದರೆ ಅದೇ ಚಿತ್ರ ಹಿಂದೆ ಎಲ್ಲೆಲ್ಲಿ ಬಂದಿತ್ತೆಂದು ಸಾಮಾನ್ಯವಾಗಿ ಸಿಗುತ್ತದೆ. ಸತ್ತವರ ಊರು, ದಿನಾಂಕ ಸಂದೇಶದಲ್ಲಿದೆಯೇ ಎಂದೂ ನೋಡಿ.

ಹಾಗೆಂದು ಕಪ್ಪೆಯನ್ನು ಹಿಡಿಯಬೇಡಿ. ಕೈಯಲ್ಲಿನ ಸೊಳ್ಳೆ ಮುಲಾಮು ಅದರ ತೆಳು ಚರ್ಮದ ಮೂಲಕ ಒಳಗಿಳಿಯುತ್ತದೆ.