ಆಟ ನೋಡದ ಜನ, ತುಂಬಿದ ಮೈದಾನ

ಏಪ್ರಿಲ್‌ನಲ್ಲಿ ನಾರ್ತ್ ಕ್ಯಾರೊಲಿನಾಗೆ ಬಂದರೆ ಊರೆಲ್ಲ ಅರಿಶಿನ ಎರಚಿದ ಹಾಗೆ ಕಾಣುತ್ತದೆ. ಪೈನ್ ಮರದ ಪರಾಗ ಅದು. ಕಾರಿನ ಮೇಲೆ, ಮೆಟ್ಟಿಲ ಮೇಲೆ, ಮೂಗಿನೊಳಗೆ, ಎಲ್ಲ ಕಡೆ. ಮೊನ್ನೆ ಸಂಜೆ ಡರಮ್ ಬುಲ್ಸ್ ಮೈದಾನದಲ್ಲಿ ಕುರ್ಚಿ ಒರೆಸಿದರೆ ಕರ್ಚೀಫ್ ಪೂರ್ತಿ ಹಳದಿ. "ಇದನ್ನ ರಂಗೋಲಿಗೆ ಇಟ್ಕೋಬಹುದಲ್ವಾ ಅಪ್ಪಾ" ಅಂದಳು ಮಗಳು.

ಇದು ಮೈನರ್ ಲೀಗ್ ಬೇಸ್‌ಬಾಲ್. ಬುಲ್ಸ್ ಅನ್ನೋದು ಟ್ಯಾಂಪಾ ಬೇ ರೇಸ್ ತಂಡದ ಕೈಕೆಳಗಿನ ಟ್ರಿಪಲ್-ಎ ತಂಡ, ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗೆ. ನಮ್ಮ ಲೆಕ್ಕದಲ್ಲಿ ರಣಜಿ ಅನ್ನಿ. ಪೂರ್ತಿ ಹೊಂದಲ್ಲ ಬಿಡಿ. ರಣಜಿಯಲ್ಲಿ ಕರ್ನಾಟಕ ಕಪ್ ಗೆಲ್ಲೋಕೆ ಆಡುತ್ತದೆ. ಇಲ್ಲಿ ಹುಡುಗ ಸ್ವಲ್ಪ ಚೆನ್ನಾಗಿ ಆಡಿದ ಅಂದ ತಕ್ಷಣ ಮೇಲಿನವರು ಎತ್ತಿಕೊಂಡು ಹೋಗುತ್ತಾರೆ, ಬುಲ್ಸ್ ಸೋತರೆ ಸೋಲಲಿ. ಇವಾನ್ ಲೊಂಗೋರಿಯಾ, ಡೇವಿಡ್ ಪ್ರೈಸ್ ಥರದ ಸ್ಟಾರ್‌ಗಳೆಲ್ಲ ಹೀಗೇ ಇಲ್ಲಿಂದ ಹೋದವರು.

ಆದರೂ ಜನ ಬರುತ್ತಾರೆ. ಹತ್ತು ಸಾವಿರ ಜನ ಕೂರುವ ಜಾಗ, ನಾನು ಹೋದ ದಿನ ಮುಕ್ಕಾಲು ಪಾಲು ತುಂಬಿತ್ತು. ತಮಾಷೆ ಅಂದರೆ ಅದರಲ್ಲಿ ಅರ್ಧ ಜನ ಆಟ ನೋಡುತ್ತಲೇ ಇರಲಿಲ್ಲ. ಒಬ್ಬಳು ಹುಲ್ಲಿನ ಮೇಲೆ ಮಗುವಿಗೆ ಬಾಟಲಿ ಹಾಲು ಕುಡಿಸುತ್ತಿದ್ದಾಳೆ, ಪಕ್ಕದಲ್ಲಿ ನಾಲ್ಕು ಜನ ಆಫೀಸಿನ ಯಾರನ್ನೋ ಬೈಯುತ್ತಾ ಬಿಯರ್ ಹೀರುತ್ತಿದ್ದಾರೆ, ಚಿಳ್ಳೆಪಿಳ್ಳೆಗಳು ಇಳಿಜಾರಲ್ಲಿ ಉರುಳುತ್ತಿವೆ. ಎಡಗಡೆ 32 ಅಡಿ ಎತ್ತರದ ನೀಲಿ ಗೋಡೆ, ಅದರ ಮೇಲೊಂದು ದೊಡ್ಡ ಹೋರಿಯ ಬೋರ್ಡ್. ಹೋರಿಗೆ ಚೆಂಡು ತಾಗಿಸಿದ ಆಟಗಾರನಿಗೆ ಸ್ಟೇಕ್, ಕೆಳಗಿನ ಹುಲ್ಲಿಗೆ ತಾಗಿಸಿದರೆ ಸಲಾಡ್ ಅಂತ ಬರೆದಿದೆ. ನಾನು ಆಡಿದ್ದರೆ ಹುಲ್ಲಿಗೇ ಗುರಿ ಇಡಬೇಕಿತ್ತು. ಬುಲ್ಸ್‌ನವರು ಹೋಮ್ ರನ್, ಅಂದರೆ ನಮ್ಮ ಸಿಕ್ಸರ್ ಥರದ್ದು, ಹೊಡೆದರೆ ಹೋರಿಯ ಕಣ್ಣು ಕೆಂಪಾಗುತ್ತದೆ, ಬಾಲ ಅಲ್ಲಾಡುತ್ತದೆ, ಮೂಗಿಂದ ಹೊಗೆ ಬರುತ್ತದೆ. ಹೊಗೆ ಬಂದಾಗ ಮಾತ್ರ ಎಲ್ಲರೂ ಎದ್ದು ಕೂಗುತ್ತಾರೆ.

ಹಿಂದಿನ ಸಲ ಊರಿಗೆ ಹೋದಾಗ ಮಗಳನ್ನ ರಣಜಿ ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದೆ. ಯಾವ ಮೈದಾನ ಅಂತ ಬೇಡ. ಮೂರು ಗೇಟು ಸುತ್ತಿದ ಮೇಲೆ ನಾಲ್ಕನೆಯದು ತೆರೆದಿತ್ತು. ನೀರಿನ ಬಾಟಲಿ ಕಿತ್ತುಕೊಂಡರು, ಒಳಗೆ ನೀರಿಲ್ಲ. ಟಾಯ್ಲೆಟ್ ವಿಷಯ ಬಿಡಿ. ಭಾರತಕ್ಕೆ ಆಡಿದ ಹುಡುಗ ಬ್ಯಾಟ್ ಮಾಡುತ್ತಿದ್ದ, ನೋಡೋಕೆ ನೂರು ಜನ ಇರಲಿಲ್ಲ. ಟಿಕೆಟ್ಟೇ ಇಲ್ಲ, ಪುಕ್ಕಟೆ! ಊಟ ಆಗೋ ಹೊತ್ತಿಗೆ ಮಗಳು "ಮನೆಗೆ ಹೋಗೋಣ" ಅಂದಳು. ಅವಳ ತಪ್ಪಲ್ಲ.

ನಾಲ್ಕು ದಿನದ ಆಟವನ್ನು ಸಂಜೆಗೆ ತಳ್ಳಿ ಅಂತ ನಾನು ಹೇಳುತ್ತಿಲ್ಲ. ಶಾಲೆ ಬಿಟ್ಟ ಮೇಲೂ ಒಂದು ಗಂಟೆ ಆಟ ಉಳಿದಿರುತ್ತದಲ್ಲ, ಅಷ್ಟಕ್ಕಾದರೂ ಎಲ್ಲ ಗೇಟು ತೆಗೆದು, ಒಂದು ಡ್ರಮ್ಮು ನೀರಿಟ್ಟು, ಕಡ್ಲೆಕಾಯಿ ಮಾರೋನನ್ನ ಒಳಗೆ ಬಿಡೋಕೆ ಏನು ರೋಗ?

ಹಾಗಂತ ಇಲ್ಲಿನದೆಲ್ಲ ಚಿನ್ನ ಅಲ್ಲ. ಹೋರಿಗೆ ಹೊಗೆ ಬಿಡಿಸುವವರ ನಾಡಿನಲ್ಲಿ ಟ್ರಿಪಲ್-ಎ ಆಟಗಾರನ ಕನಿಷ್ಠ ಸಂಬಳ ಮೊನ್ನೆಮೊನ್ನೆಯವರೆಗೆ ವರ್ಷಕ್ಕೆ 17,500 ಡಾಲರ್. ಆ ದುಡ್ಡಲ್ಲಿ ಇಲ್ಲಿ ಒಂದು ಸಂಸಾರ ನಡೆಸೋಕಾಗಲ್ಲ. ಹುಡುಗರು ಯೂನಿಯನ್ ಸೇರಿದ ಮೇಲೆ, 2023ರಲ್ಲಿ ಅದು 35,800 ಆಯಿತು. ನಮ್ಮ ರಣಜಿಯಲ್ಲಿ ಅನುಭವ ನೋಡಿ ದಿನಕ್ಕೆ 40 ಸಾವಿರದಿಂದ 60 ಸಾವಿರ ರೂಪಾಯಿ ಕೊಡುತ್ತಾರೆ. ಅಲ್ಲಿ ದುಡ್ಡು ಆಟಗಾರನ ತನಕ ಬಂತು, ಜನ ಬರಲಿಲ್ಲ.

ಇನ್ನೊಂದು ಕೊರತೆ ನನ್ನನ್ನು ಜಾಸ್ತಿ ಕಾಡುತ್ತದೆ. ಇಲ್ಲಿ ಪಕ್ಕದಲ್ಲಿ ಕೂತು ಆಟ ಓದಿ ಹೇಳುವವರು ಸಿಗುವುದು ಕಮ್ಮಿ. ಮೂರನೇ ಇನಿಂಗ್ಸಲ್ಲಿ ಬ್ಯಾಟರ್ ಒಬ್ಬ ಹೆಲ್ಮೆಟ್ ಮೇಲೆ ತಟ್ಟಿಕೊಂಡ. ಪಾಪ, ತನ್ನ ಹಣೆಬರಹ ಅಂತ ತಲೆ ಚಚ್ಚಿಕೊಂಡ ಅಂದುಕೊಂಡೆ. ನೋಡಿದರೆ ಅದು ಅಂಪೈರ್ ತೀರ್ಪನ್ನು ಪ್ರಶ್ನಿಸುವ ಸನ್ನೆ, ನಮ್ಮ ಡಿಆರ್‌ಎಸ್ ಥರ. ಪಕ್ಕದವನನ್ನ ಕೇಳಿದರೆ ಅವನಿಗೂ ಗೊತ್ತಿರಲಿಲ್ಲ! ನಮ್ಮಪ್ಪ 1974ರ ರಣಜಿ ಸೆಮಿಫೈನಲ್ ನೋಡಿದವರು. ಸತತ 15 ಸಲ ಗೆದ್ದ ಬಾಂಬೆಯನ್ನು ನಮ್ಮವರು ಬೆಂಗಳೂರಲ್ಲಿ ಮಣಿಸಿದ ಪಂದ್ಯ. ಪ್ರಸನ್ನ ಗವಾಸ್ಕರ್‌ನ ಬೌಲ್ಡ್ ಮಾಡಿದ ಚೆಂಡು ಎಲ್ಲಿ ಬಿತ್ತು, ಎಷ್ಟು ತಿರುಗಿತು ಅಂತ ಈಗಲೂ ಊಟದ ತಟ್ಟೆಯ ಮೇಲೆ ಬೆರಳಲ್ಲಿ ತೋರಿಸುತ್ತಾರೆ.

ಎಂಟನೇ ಇನಿಂಗ್ಸಲ್ಲಿ ಒಂದು ಫೌಲ್ ಬಾಲ್, ಅಂದರೆ ಗೆರೆಯಾಚೆ ಹೋದ ಹೊಡೆತ, ನಮ್ಮ ಸಾಲಿಗೆ ಬಂತು. ಮುಂದೆ ಕೂತಿದ್ದ ತಾತ ಬರಿಗೈಯಲ್ಲಿ ಹಿಡಿದು, ಒಂದು ಸಲ ಕೈ ಕೊಡವಿಕೊಂಡು, ತಿರುಗಿ ಮಗಳಿಗೆ ಕೊಟ್ಟರು. ಅವಳು ಮನೆಗೆ ಬರೋವರೆಗೂ ಕೆಂಪು ಹೊಲಿಗೆ ಎಣಿಸುತ್ತಿದ್ದಳು. 108 ಇರುತ್ತದೆ ಅಂದೆ, ನಂಬಲಿಲ್ಲ. ಮಾರನೇ ದಿನ ವಿಡಿಯೋ ಕಾಲಲ್ಲಿ ತನ್ನ ತಾತನಿಗೆ, ಅಂದರೆ ನಮ್ಮಪ್ಪನಿಗೆ, ತೋರಿಸಿದಳು.

ಅಪ್ಪ ಕನ್ನಡಕ ಏರಿಸಿ ನೋಡಿದರು. "ಚೆನ್ನಾಗಿದೆ ಪುಟ್ಟಿ. ಆದ್ರೆ ಬಾಲ್ ವಾಪಸ್ ಕೊಡ್ದೇ ಬಂದ್ರೆ ಅವ್ರು ಮುಂದಕ್ಕೆ ಹೇಗೆ ಆಡಿದ್ರು?"