ಇಲ್ಲದ ಊರಿಗೆ ಬಾಂಬು

ಯುದ್ಧ ಬೇಕೋ ಬೇಡವೋ ಎಂದು ಒಂದು ದೇಶದ ಮನಸ್ಸು ತಿಳಿಯಲು ಸಮೀಕ್ಷೆಯವರಿಗೆ ಸಾವಿರ ಜನ ಸಾಕು. ಯಾರನ್ನು ಕೇಳಬೇಕೆಂದು ಚೀಟಿ ಎತ್ತಿದ ಹಾಗೆ ಆರಿಸಿ, ವಯಸ್ಸು, ಲಿಂಗ, ಓದಿಗೆ ತಕ್ಕಂತೆ ತೂಕ ಸರಿದೂಗಿಸಿದರೆ, ನೂರಕ್ಕೆ 95 ಸಲ ಲೆಕ್ಕ ಶೇ 3ರಷ್ಟು ಆಚೀಚೆಯೊಳಗೇ ನಿಲ್ಲುತ್ತದೆ. ಈ ಶೇ 3 ತಲೆ ಎಣಿಸುವುದರಲ್ಲಿ ಆಗುವ ತಪ್ಪು. ತಲೆಯೊಳಗೆ ಏನಿದೆ ಎಂಬುದು ಈ ಲೆಕ್ಕಕ್ಕೆ ಸೇರಿಲ್ಲ.

2015ರ ಡಿಸೆಂಬರಿನಲ್ಲಿ ಅಮೆರಿಕದ ಪಬ್ಲಿಕ್ ಪಾಲಿಸಿ ಪೋಲಿಂಗ್ ಸಂಸ್ಥೆ ಅಗ್ರಬಾ ಮೇಲೆ ಬಾಂಬು ಹಾಕೋಣವೇ ಎಂದು ಕೇಳಿತು. ರಿಪಬ್ಲಿಕನ್ ಮತದಾರರಲ್ಲಿ ಶೇ 30 ಮಂದಿ ಹಾಕಿ ಅಂದರು, ಶೇ 13 ಬೇಡ ಅಂದರು. ಅಗ್ರಬಾ ಇರುವುದು ಡಿಸ್ನಿಯವರ ಅಲ್ಲಾದೀನ್ ಕಾರ್ಟೂನಿನಲ್ಲಿ. ಜಗತ್ತು ಬಿದ್ದು ಬಿದ್ದು ನಕ್ಕಿತು. ಡೆಮಾಕ್ರಟರು ನಗುವ ಮೊದಲು ತಮ್ಮ ಕಾಲಂ ನೋಡಿಕೊಳ್ಳಬೇಕಿತ್ತು: ಶೇ 19 ಹಾಕಿ, ಶೇ 36 ಬೇಡ. ಇಲ್ಲದ ಊರನ್ನು ಉಳಿಸಲು ಅಷ್ಟು ಶಾಂತಿದೂತರು! ಎರಡೂ ಪಕ್ಷಗಳಲ್ಲಿ ಎಲ್ಲಕ್ಕಿಂತ ದೊಡ್ಡ ಗುಂಪು ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ ಎಂದವರದ್ದು. ಆದರೆ 'ಗೊತ್ತಿಲ್ಲ' ಎಂಬುದಕ್ಕೆ ಯಾವ ಪತ್ರಿಕೆ ತಲೆಬರಹ ಕೊಡುತ್ತದೆ?

ಇರುವ ಊರಿನ ಕಥೆಯೂ ಅಷ್ಟಕ್ಕಷ್ಟೇ. 2014ರ ಮಾರ್ಚಿನಲ್ಲಿ ಮೂವರು ಸಂಶೋಧಕರು 2,066 ಅಮೆರಿಕನ್ನರ ಮುಂದೆ ನಕ್ಷೆ ಇಟ್ಟು, ಉಕ್ರೇನ್ ಎಲ್ಲಿದೆ, ಕ್ಲಿಕ್ ಮಾಡಿ ಅಂದರು. ಸರಿಯಾಗಿ ಮಾಡಿದವರು ಆರರಲ್ಲಿ ಒಬ್ಬರು. ಅರ್ಧದಷ್ಟು ಜನರ ಗುರಿ ಸುಮಾರು 2,900 ಕಿಲೋಮೀಟರಿಗಿಂತ ದೂರ ತಪ್ಪಿತ್ತು. ಕ್ಲಿಕ್ಕು ಉಕ್ರೇನಿನಿಂದ ದೂರ ಬಿದ್ದಷ್ಟೂ ಸೇನೆ ಕಳಿಸುವ ಉಮೇದು ಹೆಚ್ಚು. ದೂರದ ಬೆಟ್ಟ ನುಣ್ಣಗೆ ಎಂಬುದಕ್ಕೆ ಅಂಕಿಅಂಶದ ಪುರಾವೆ ಸಿಕ್ಕಂತಾಯಿತು.

ಬೇಕಾದ ಉತ್ತರ ಪಡೆಯಲು ಸುಳ್ಳು ಹೇಳಬೇಕಿಲ್ಲ, ಪ್ರಶ್ನೆಗೆ ಬಾಲ ಕಟ್ಟದಿದ್ದರೆ ಸಾಕು. 2003ರ ಜನವರಿಯಲ್ಲಿ ಅಮೆರಿಕದ ಪ್ಯೂ ಸಮೀಕ್ಷಾ ಸಂಸ್ಥೆ ಸದ್ದಾಮನನ್ನು ಇಳಿಸಲು ಇರಾಕಿನಲ್ಲಿ ಸೇನಾ ಕಾರ್ಯಾಚರಣೆ ಸರಿಯೇ ಎಂದಾಗ ಶೇ 68 ಹೂಂ ಅಂದರು. ನಮ್ಮ ಪಡೆಗಳಲ್ಲಿ ಸಾವಿರಾರು ಸಾವುನೋವು ಆದರೂ ಸರಿಯೇ ಎಂದಾಗ ಶೇ 43. ಆದ್ದರಿಂದ ಯುದ್ಧ ಬೇಕಾದವರು ಹೆಣಗಳನ್ನು ಪ್ರಶ್ನೆಯೊಳಗೆ ತರಬಾರದು. ಆಮೇಲೆ ಹೇಗೂ ವಿಮಾನದಲ್ಲಿ ತರುತ್ತಾರೆ.

ಇನ್ನು 'ಗೊತ್ತಿಲ್ಲ' ಎನ್ನುವವರ ವಿಲೇವಾರಿ. ಅನೇಕ ಫೋನ್ ಸಮೀಕ್ಷೆಗಳಲ್ಲಿ ಈ ಆಯ್ಕೆಯನ್ನು ಓದಿ ಹೇಳುವುದೇ ಇಲ್ಲ. ಅವರಾಗಿಯೇ ಅಂದರೆ ಮಾತ್ರ ಗುರುತು ಹಾಕಿಕೊಳ್ಳುವುದು. ಅಷ್ಟಕ್ಕೂ ಬಿಡದವರಿಗೆ ಇನ್ನೊಂದು ಪ್ರಶ್ನೆ ಕಾದಿರುತ್ತದೆ: "ಇರಲಿ ಬಿಡಿ, ಒಂದು ಕಡೆ ವಾಲಲೇಬೇಕು ಅಂದರೆ ಯಾವ ಕಡೆ ವಾಲುತ್ತೀರಿ?" ಪಾಪ, ಅಡುಗೆಮನೆಯಲ್ಲಿ ಹಾಲು ಉಕ್ಕುತ್ತಿರುತ್ತದೆ, ಫೋನ್ ಇಡಬೇಕು. "ಬಾಂಬಿನ ಕಡೆ ಅಂತ ಬರ್ಕೊಳ್ಳಿ."